ಎರಡು ಸೂಟ್‌ಕೇಸ್ ತುಂಬ ಚಿತ್ರಗಳು: ಬಟ್ಟೆ ವಿನ್ಯಾಸಗಾರ್ತಿ ಫ್ರೀಡಲ್ ಡಿಕರ್ ಬ್ರಾಂಡೈಸ್



ಈ ಸಲದ ವ್ಯಕ್ತಿ ಪರಿಚಯದಲ್ಲಿ ನೀವು ಬಹುಶಃ ಹೆಸರೇ ಕೇಳಿರದ ಒಬ್ಬ ಕಲಾವಿದೆ ಇದ್ದಾರೆ. ಫ್ರೀಡಲ್ ಡಿಕರ್ ಬ್ರಾಂಡೈಸ್ ಅಂತ. ಹೆಸರು ಸ್ವಲ್ಪ ಉದ್ದ. ಎರಡು ಸಲ ಬಾಯಿಬಿಟ್ಟು ಓದಿಕೊಳ್ಳಿ, ಆಮೇಲೆ ರೂಢಿ ಆಗುತ್ತೆ. ಬಟ್ಟೆ ನೇಯುವುದು, ಬಟ್ಟೆಗೆ ವಿನ್ಯಾಸ ಮಾಡುವುದು ಇವರ ವಿದ್ಯೆ. ಆದರೆ ಜಗತ್ತು ಇವರನ್ನು ನೆನಪಿಟ್ಟುಕೊಂಡಿರುವುದು ಸೆರೆಯಲ್ಲಿದ್ದ ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿದ ಮೇಡಂ ಅಂತ. ಈ ಎರಡೂ ಬೇರೆ ಬೇರೆ ವಿಷಯ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಮಗ್ಗದ ಮುಂದೆ ಕಲಿತದ್ದನ್ನೇ ಅವರು ಆ ಮಕ್ಕಳಿಗೆ ಕೊಟ್ಟರು. ಅದು ಹೇಗೆ ಅನ್ನುವುದೇ ಈ ಪಾಠ.

ಮೊದಲು ಭೂಪಟ ನೋಡಿ. ಯುರೋಪಿನ ನಡುವೆ, ಜರ್ಮನಿಯ ಪೂರ್ವಕ್ಕೆ, ಸಮುದ್ರವೇ ಇಲ್ಲದ ಚೆಕ್ ದೇಶ ಇದೆ. ರಾಜಧಾನಿ ಪ್ರಾಗ್. ಅದರ ದಕ್ಷಿಣಕ್ಕೆ ಆಸ್ಟ್ರಿಯಾ, ರಾಜಧಾನಿ ವಿಯೆನ್ನಾ. ನೂರು ವರ್ಷಕ್ಕೂ ಹಿಂದೆ ಇವೆರಡೂ ಒಂದೇ ಚಕ್ರವರ್ತಿಯ ಕೈಕೆಳಗೆ ಇದ್ದವು. ಮೊದಲ ಮಹಾಯುದ್ಧ ಮುಗಿದ 1918ರಲ್ಲಿ ಆ ಸಾಮ್ರಾಜ್ಯ ಮುರಿದು ಚೆಕೊಸ್ಲೊವಾಕಿಯಾ ಎಂಬ ಹೊಸ ದೇಶ ಆಯಿತು. ಅದೂ 1993ರ ಜನವರಿ 1ರಂದು ಚೆಕ್ ಮತ್ತು ಸ್ಲೊವಾಕಿಯಾ ಅಂತ ಎರಡಾಯಿತು. ಫ್ರೀಡಲ್ ಹುಟ್ಟಿದ್ದು ವಿಯೆನ್ನಾದಲ್ಲಿ, ಮದುವೆಯಾಗಿ ಪ್ರಜೆಯಾದದ್ದು ಚೆಕೊಸ್ಲೊವಾಕಿಯಾಕ್ಕೆ. ಹಾಗಾಗಿ ಇವರು ನಮ್ಮವರು ಅಂತ ಎರಡು ದೇಶದವರೂ ಹೇಳುತ್ತಾರೆ.

ಬಾಲ್ಯ

ಜನನ 1898ರ ಜುಲೈ 30. ಬಡ ಯಹೂದಿ ಕುಟುಂಬ. ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಕೊಂಡರು. ತಂದೆ ಸೀಮೋನ್ ಡಿಕರ್ ಒಂದು ಸ್ಟೇಷನರಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಆಟದ ಸಾಮಾನು ಇಲ್ಲದಿದ್ದರೂ ಅಪ್ಪನ ಅಂಗಡಿಯ ಕಾಗದ, ಪೆನ್ಸಿಲ್, ಬಣ್ಣ ಹುಡುಗಿಯ ಕೈಗೆ ಸಿಗುತ್ತಿದ್ದವು.

ದೊಡ್ಡವಳಾದ ಮೇಲೆ ಮೊದಲು ಫೋಟೋ ತೆಗೆಯುವುದನ್ನು ಕಲಿತರು. ಆಮೇಲೆ ವಿಯೆನ್ನಾದ ಕಲಾ ಕೈಗಾರಿಕೆ ಶಾಲೆಯ ಬಟ್ಟೆ ವಿಭಾಗಕ್ಕೆ ಸೇರಿದರು. ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳು ಚಿತ್ರಕಾರರಾಗುತ್ತೇನೆ ಅಂದರೆ ನಗುವವರೇ ಹೆಚ್ಚು. ನೇಯ್ಗೆ, ಕಸೂತಿ ಅಂದರೆ ಮಾತ್ರ ಸರಿ ಅಂತಿದ್ದರು.

1916ರಲ್ಲಿ ಯೋಹಾನ್ನೆಸ್ ಇಟ್ಟೆನ್ ಎಂಬ ವಿಚಿತ್ರ ಮೇಷ್ಟ್ರು ಸಿಕ್ಕಿದರು. ಇಟ್ಟೆನ್ ಸ್ವಿಟ್ಜರ್‌ಲೆಂಡಿನವರು. ಅವರ ತರಗತಿ ಹೇಗಿತ್ತೆಂದರೆ, ಒಳಗೆ ಬಂದ ಕೂಡಲೇ ಪೆನ್ಸಿಲ್ ಹಿಡಿಯುವ ಹಾಗಿಲ್ಲ. ಮೊದಲು ಎದ್ದು ನಿಂತು ಉಸಿರಾಟ, ಕೈಕಾಲು ಸಡಿಲ ಬಿಡುವ ವ್ಯಾಯಾಮ. ಆಮೇಲೆ ಎರಡೂ ಕೈಯಿಂದ ಒಟ್ಟಿಗೆ ಗೆರೆ ಎಳೆಯಬೇಕು. ಮರದ ತೊಗಟೆ, ಉಣ್ಣೆ, ಗೋಣಿ, ಗಾಜು, ಹಕ್ಕಿಯ ಗರಿ ಇವನ್ನೆಲ್ಲ ಕಣ್ಣು ಮುಚ್ಚಿ ಮುಟ್ಟಿ ನೋಡಿ, ಬೆರಳಿಗೆ ಹೇಗೆ ಅನ್ನಿಸಿತೋ ಹಾಗೆ ಕಾಗದದ ಮೇಲೆ ತರಬೇಕು. ಮುಳ್ಳಿನ ಗಿಡ ಬರೆಯುವವನಿಗೆ ಮೊದಲು ಮುಳ್ಳಿನ ಚುಚ್ಚು ಗೊತ್ತಿರಬೇಕು ಅನ್ನುವುದು ಅವರ ವಾದ. ಸುಮ್ಮನೆ ನೋಡಿ ಕಾಪಿ ಹೊಡೆಯುವುದು ಅವರಿಗೆ ಆಗುತ್ತಿರಲಿಲ್ಲ. ಈ ಪದ್ಧತಿಯನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತೆ.

ಬೌಹೌಸ್ ಶಾಲೆ

1919ರಲ್ಲಿ ಜರ್ಮನಿಯ ವೈಮಾರ್ ಊರಿನಲ್ಲಿ ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿ ಬೌಹೌಸ್ ಎಂಬ ಶಾಲೆ ತೆರೆದರು. ಬಡಗಿ, ಕುಂಬಾರ, ನೇಕಾರ, ಚಿತ್ರಕಾರ ಎಲ್ಲರೂ ಒಂದೇ ಸೂರಿನಡಿ ಕಲಿಯಬೇಕು, ಇವರಲ್ಲಿ ಮೇಲು ಕೀಳು ಇಲ್ಲ ಅನ್ನುವುದು ಅದರ ಉದ್ದೇಶ. ಗ್ರೋಪಿಯಸ್ ಕರೆದದ್ದರಿಂದ ಇಟ್ಟೆನ್ ಅಲ್ಲಿಗೆ ಹೋದರು. ಅವರ ಹಿಂದೆಯೇ ಫ್ರೀಡಲ್ ಮತ್ತು ಕೆಲವು ಸಹಪಾಠಿಗಳು ವಿಯೆನ್ನಾ ಬಿಟ್ಟು ಹೊರಟರು. (ಇದೇ ಶಾಲೆಯ ಕಲಾವಿದರ ಚಿತ್ರಗಳು 1922ರ ಡಿಸೆಂಬರಿನಲ್ಲಿ ನಮ್ಮ ಕಲ್ಕತ್ತಾದಲ್ಲಿ ಪ್ರದರ್ಶನವಾಗಿದ್ದವು. ಇಟ್ಟೆನ್‌ರ ಚಿತ್ರಗಳೂ ಅದರಲ್ಲಿದ್ದವು.)

ಮೇಲು ಕೀಳು ಇಲ್ಲ ಅಂತ ಬಾಯಲ್ಲಿ ಹೇಳಿದರೂ ಅಲ್ಲಿಯೂ ಹುಡುಗಿಯರನ್ನು ಹೆಚ್ಚಾಗಿ ನೇಯ್ಗೆ ವಿಭಾಗಕ್ಕೇ ಕಳಿಸುತ್ತಿದ್ದರು. ಫ್ರೀಡಲ್ ನೇಯ್ಗೆಯ ಜೊತೆಗೆ ಅಚ್ಚು ಹಾಕುವುದು, ಪುಸ್ತಕ ಕಟ್ಟುವುದು, ಅಕ್ಷರ ವಿನ್ಯಾಸ ಎಲ್ಲವನ್ನೂ ಹಿಡಿದರು. 1923ರವರೆಗೆ ಅಲ್ಲಿದ್ದರು. ಒಳ್ಳೆಯ ವಿದ್ಯಾರ್ಥಿನಿ ಎಂದರೆ ಎಷ್ಟು ಒಳ್ಳೆಯವರು? ಮೊದಲ ವರ್ಷದಲ್ಲೇ ಹೊಸಬರಿಗೆ ಪಾಠ ಹೇಳುವ ಕೆಲಸ ಇವರಿಗೆ ಬಂತು. ಗ್ರೋಪಿಯಸ್ ಮುಂದೆ 1931ರಲ್ಲಿ ಬರೆದುಕೊಟ್ಟ ಶಿಫಾರಸು ಪತ್ರದಲ್ಲಿ ಇದನ್ನು ಹೇಳಿದ್ದಾರೆ.

ಇಲ್ಲಿ ಸ್ವಲ್ಪ ನೇಯ್ಗೆಯ ಮಾತು. ಮಗ್ಗ ನೋಡಿದವರಿಗೆ ಗೊತ್ತು. ಉದ್ದಕ್ಕೆ ಬಿಗಿದಿರುವ ನೂಲು ಹಾಸು. ಲಾಳಿಯಲ್ಲಿ ಅಡ್ಡ ಹೋಗುವ ನೂಲು ಹೊಕ್ಕು. ಹಾಸನ್ನು ಒಮ್ಮೆ ಬಿಗಿದ ಮೇಲೆ ಅದು ಅಲ್ಲಾಡುವುದಿಲ್ಲ, ನೇಕಾರನಿಗೆ ಸ್ವಾತಂತ್ರ್ಯ ಇರುವುದು ಹೊಕ್ಕಿನಲ್ಲಿ ಮಾತ್ರ. ಯಾವ ಬಣ್ಣದ ನೂಲು, ಎಷ್ಟು ಎಳೆ ಬಿಟ್ಟು, ದಪ್ಪವೋ ಸಣ್ಣದೋ, ಇಷ್ಟರಲ್ಲೇ ಎಲ್ಲ ಚಮತ್ಕಾರ. ಬಟ್ಟೆಯ ಮೇಲೆ ಬಣ್ಣ ಬಳಿದು ಚಿತ್ರ ಮಾಡುವುದಕ್ಕೂ, ನೂಲಿನ ಒಳಗಿಂದಲೇ ಚಿತ್ರ ಎದ್ದು ಬರುವುದಕ್ಕೂ ವ್ಯತ್ಯಾಸ ಇದೆ. ಬೌಹೌಸ್‌ನ ನೇಕಾರ್ತಿಯರು ಹೂವು ಬಳ್ಳಿಗಳನ್ನು ಹೆಚ್ಚಾಗಿ ಬಿಟ್ಟು ಪಟ್ಟಿ, ಚೌಕ, ನೂಲಿನ ಒರಟು ನಯ ಇವುಗಳಿಂದಲೇ ಬಟ್ಟೆ ಚೆಂದ ಮಾಡಲು ನೋಡಿದರು. ಕೈಯಲ್ಲಿ ಏನಿದೆಯೋ ಆ ವಸ್ತುವಿನ ಗುಣ ಮೊದಲು ತಿಳಿ, ಆಮೇಲೆ ಅದರಿಂದ ಏನಾಗುತ್ತೆ ನೋಡು. ಫ್ರೀಡಲ್ ಅಲ್ಲಿಂದ ಹೊತ್ತು ತಂದ ಬುತ್ತಿ ಇದೇ.

ಕೆಲಸದ ದಿನಗಳು

ಓದು ಮುಗಿದ ಮೇಲೆ ಸಹಪಾಠಿ ಫ್ರಾಂಜ್ ಸಿಂಗರ್ ಜೊತೆ ಸೇರಿ ಮೊದಲು ಬರ್ಲಿನ್‌ನಲ್ಲಿ, ಆಮೇಲೆ ವಿಯೆನ್ನಾದಲ್ಲಿ ಕಾರ್ಯಾಗಾರ ನಡೆಸಿದರು. ಪರದೆ ಬಟ್ಟೆ, ಕುರ್ಚಿಗೆ ಹೊದಿಸುವ ಬಟ್ಟೆ, ನಾಟಕದ ವೇಷಭೂಷಣ, ಪೀಠೋಪಕರಣ, ಮನೆಯ ಒಳಾಂಗಣ ಹೀಗೆ ಎಲ್ಲವೂ ಅಲ್ಲಿ ತಯಾರಾಗುತ್ತಿತ್ತು. ಯುದ್ಧದ ನಂತರ ವಿಯೆನ್ನಾದಲ್ಲಿ ಮನೆಗಳಿಗೆ ಬರ. ಒಂದೇ ಕೋಣೆಯಲ್ಲಿ ಊಟ, ಓದು, ನಿದ್ದೆ ಎಲ್ಲ ಆಗಬೇಕು. ಅದಕ್ಕೇ ಇವರು ಮಡಚಿ ಇಡುವ ಮಂಚ, ಒಂದರ ಮೇಲೊಂದು ಪೇರಿಸುವ ಕುರ್ಚಿ ಮಾಡಿದರು. ವಿಯೆನ್ನಾ ನಗರಸಭೆ ಬಡವರಿಗೆ ಕಟ್ಟಿದ ಗೋಯ್ಥೆಹೋಫ್ ವಸತಿಯಲ್ಲಿ ಮಾಂಟೆಸ್ಸೊರಿ ಶಿಶುವಿಹಾರದ ಒಳಾಂಗಣವನ್ನೂ ಇವರೇ ವಿನ್ಯಾಸ ಮಾಡಿದರು. 1931ರಲ್ಲಿ ಫ್ರೀಡಲ್ ಶಿಶುವಿಹಾರದ ಶಿಕ್ಷಕಿಯರಿಗೆ ಚಿತ್ರಕಲೆ ಕಲಿಸಿದರು.

ಇಷ್ಟು ಹೊತ್ತಿಗೆ ಜರ್ಮನಿಯಲ್ಲಿ ಗಾಳಿ ತಿರುಗಿತ್ತು. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿಗಳೇ ನಮ್ಮ ಎಲ್ಲ ಕಷ್ಟಕ್ಕೂ ಕಾರಣ ಎಂಬುದು ಅವನ ನಾಜಿ ಪಕ್ಷದ ಪ್ರಚಾರ. ಆಸ್ಟ್ರಿಯಾದಲ್ಲೂ ಬೇರೆ ಬಗೆಯ ಸರ್ವಾಧಿಕಾರ ಬಂತು. ಫ್ರೀಡಲ್ ಕಮ್ಯುನಿಸ್ಟರ ಜೊತೆಗಿದ್ದರು. 1934ರಲ್ಲಿ ಪೊಲೀಸರು ಹಿಡಿದು ಜೈಲಿಗೆ ಹಾಕಿದರು, ವಿಚಾರಣೆ ಮಾಡಿದರು. ಆ ವಿಚಾರಣೆಯನ್ನೇ ಮುಂದೆ ಅವರು ಚಿತ್ರವಾಗಿ ಬರೆದಿದ್ದಾರೆ.

ಪ್ರಾಗ್ ಮತ್ತು ಹ್ರೊನೊವ್

ಬಿಡುಗಡೆಯಾದ ಮೇಲೆ ಪ್ರಾಗ್‌ಗೆ ಬಂದರು. ಅಲ್ಲಿ ಜರ್ಮನಿ, ಆಸ್ಟ್ರಿಯಾಗಳಿಂದ ಓಡಿಬಂದವರ ಮಕ್ಕಳಿಗೆ ಚಿತ್ರ ಹೇಳಿಕೊಟ್ಟರು. ಅವರ ಜೊತೆ ಕಲಿತ ಎಡಿತ್ ಕ್ರಾಮರ್ ಎಂಬ ಹುಡುಗಿ ಮುಂದೆ ಅಮೆರಿಕಕ್ಕೆ ಹೋಗಿ, ನೊಂದ ಮಕ್ಕಳನ್ನು ಚಿತ್ರಕಲೆಯಿಂದ ಸಂತೈಸುವ ಶಾಸ್ತ್ರವನ್ನೇ ಕಟ್ಟಿ ಹೆಸರಾದರು. ಅದಕ್ಕೆ ಆರ್ಟ್ ಥೆರಪಿ ಅನ್ನುತ್ತಾರೆ.

1936ರಲ್ಲಿ ಫ್ರೀಡಲ್ ತಮ್ಮ ಬಂಧುವೇ ಆದ ಪಾವೆಲ್ ಬ್ರಾಂಡೈಸ್‌ರನ್ನು ಮದುವೆಯಾಗಿ ಚೆಕೊಸ್ಲೊವಾಕಿಯಾದ ಪ್ರಜೆಯಾದರು. 1938ರಲ್ಲಿ ದಂಪತಿ ಪ್ರಾಗ್ ಬಿಟ್ಟು ಹ್ರೊನೊವ್‌ಗೆ ಹೋದರು. ಪೋಲೆಂಡ್ ಗಡಿಯ ಹತ್ತಿರ ಇರುವ ಸಣ್ಣ ಊರು. ಸುತ್ತೆಲ್ಲ ಬಟ್ಟೆ ಗಿರಣಿಗಳು. ಅಲ್ಲಿನ ಒಂದು ಜವಳಿ ಕಾರ್ಖಾನೆಯಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿತು. ಫ್ರೀಡಲ್ ಬಟ್ಟೆಗಳ ವಿನ್ಯಾಸ ಮಾಡುತ್ತಿದ್ದರು. ಅದೇ ವರ್ಷ ಹತ್ತಿರದ ನಾಖೋದ್ ಪಟ್ಟಣದ ಪ್ರದರ್ಶನದಲ್ಲಿ ಅವರ ಬಟ್ಟೆಗಳಿಗೆ ಬಹುಮಾನವೂ ಬಂತು.

1939ರ ಮಾರ್ಚ್ 15ರಂದು ಜರ್ಮನ್ ಸೈನ್ಯ ಪ್ರಾಗ್‌ಗೆ ನುಗ್ಗಿತು. ಯಹೂದಿಗಳಿಗೆ ಕೆಲಸ ಹೋಯಿತು, ಮನೆ ಹೋಯಿತು. ಯಹೂದಿ ಮಕ್ಕಳು ಶಾಲೆಗೆ ಬರಬಾರದು ಅಂತ ಆಯಿತು. 1941ರ ಸೆಪ್ಟೆಂಬರಿನಿಂದ ಅಂಗಿಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಂಡೇ ಬೀದಿಗೆ ಬರಬೇಕಿತ್ತು. ಫ್ರೀಡಲ್‌ಗೆ ಪ್ಯಾಲೆಸ್ಟೈನ್‌ಗೆ ಹೋಗಿ ತಪ್ಪಿಸಿಕೊಳ್ಳಲು ಅನುಮತಿ ಸಿಕ್ಕಿತ್ತು. ಗಂಡನಿಗೆ ಸಿಗಲಿಲ್ಲ. ಒಬ್ಬಳೇ ಹೋಗಲಾರೆ ಅಂತ ಅವರು ಉಳಿದರು.

1942ರ ಡಿಸೆಂಬರಿನಲ್ಲಿ ಆಜ್ಞೆ ಬಂತು. ಊರು ಬಿಡಬೇಕು. ಒಬ್ಬೊಬ್ಬರು 50 ಕಿಲೋ ಸಾಮಾನು ತರಬಹುದು, ಅಷ್ಟೇ. ಚಳಿಗಾಲ, ಎಲ್ಲಿಗೆ ಅಂತ ಗೊತ್ತಿಲ್ಲ, ಎಷ್ಟು ದಿನ ಅಂತ ಗೊತ್ತಿಲ್ಲ. ನಾವಾಗಿದ್ದರೆ ಕಂಬಳಿ, ಬೂಟು, ಹಿಟ್ಟು ತುಂಬುತ್ತಿದ್ದೆವು. ಅದೇನೂ ತಪ್ಪಲ್ಲ. ಫ್ರೀಡಲ್ ತಮ್ಮ ಪಾಲಿನ ತೂಕದಲ್ಲಿ ಬಹುಪಾಲು ಕಾಗದ, ಬಣ್ಣ ತುಂಬಿದರು, ಹೋದ ಕಡೆ ಮಕ್ಕಳಿರುತ್ತಾರೆ ಅಂತ. ಹಾಸಿಗೆಯ ದುಪ್ಪಟಿಗಳಿಗೂ ಬಣ್ಣ ಅದ್ದಿದರು. ರಾತ್ರಿ ಹೊದೆಯಬಹುದು, ಹಗಲು ಮಕ್ಕಳ ನಾಟಕಕ್ಕೂ ಆಗುತ್ತೆ, ಹಸಿರು ದುಪ್ಪಟಿ ಹರಡಿದರೆ ಕಾಡಾಗುತ್ತೆ ಅನ್ನುವುದು ಅವರ ಲೆಕ್ಕ. ಬಟ್ಟೆಯವರ ಬುದ್ಧಿ ನೋಡಿ!

ತೆರೆಜೀನ್

ಅವರನ್ನು ಕರೆದೊಯ್ದದ್ದು ತೆರೆಜೀನ್ ಎಂಬ ಕೋಟೆಯೂರಿಗೆ. ಪ್ರಾಗ್‌ನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್. ಚಕ್ರವರ್ತಿ ಎರಡನೆಯ ಜೋಸೆಫ್ 1780ರಲ್ಲಿ ಕಟ್ಟಿಸಲು ಶುರು ಮಾಡಿ, ತಾಯಿ ಮರಿಯಾ ತೆರೆಸಾಳ ಹೆಸರಿಟ್ಟ ಊರು. ನಾಜಿಗಳು ಅಲ್ಲಿನ ಜನರನ್ನು ಖಾಲಿ ಮಾಡಿಸಿ ಊರನ್ನೇ ಯಹೂದಿಗಳ ಸೆರೆ ಮಾಡಿದರು. ಮೊದಲು ಏಳು ಸಾವಿರ ಜನ ಇದ್ದ ಜಾಗದಲ್ಲಿ 1942ರ ಸೆಪ್ಟೆಂಬರಿನಲ್ಲಿ ಸುಮಾರು 58,000 ಜನರನ್ನು ತುಂಬಿದ್ದರು. ಒಟ್ಟು ಅಲ್ಲಿಗೆ ಬಂದವರು ಸುಮಾರು 1,40,000. ಅದರಲ್ಲಿ ಸುಮಾರು 33,000 ಜನ ಹಸಿವು, ರೋಗಗಳಿಂದ ಅಲ್ಲೇ ಸತ್ತರು. ಸುಮಾರು 88,000 ಜನರನ್ನು ಅಲ್ಲಿಂದ ಪೂರ್ವದ ಕಡೆಗೆ, ಆಶ್ವಿಟ್ಜ್ ಮೊದಲಾದ ಕೊಲ್ಲುವ ಶಿಬಿರಗಳಿಗೆ ರೈಲಿನಲ್ಲಿ ಕಳಿಸಿದರು.

ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಮಕ್ಕಳ ಮನೆಗಳಲ್ಲಿ ಇಡುತ್ತಿದ್ದರು. ಮೂರು ಅಂತಸ್ತಿನ ಹಲಗೆ ಮಂಚ, ಒಂದು ಕೋಣೆಗೆ ಇಪ್ಪತ್ತೈದು ಮೂವತ್ತು ಮಕ್ಕಳು. ಪಾಠ ಹೇಳುವುದು ನಿಷಿದ್ಧ. ಗಣಿತ, ಚರಿತ್ರೆ ಕಲಿಸಿ ಸಿಕ್ಕಿಬಿದ್ದರೆ ಶಿಕ್ಷೆ. ಹಾಡು, ಚಿತ್ರ, ಕೈಕೆಲಸಕ್ಕೆ ಮಾತ್ರ ಬಿಡುತ್ತಿದ್ದರು. ಸೆರೆಯಲ್ಲಿದ್ದ ದೊಡ್ಡವರು ಬಾಗಿಲಲ್ಲಿ ಕಾವಲು ನಿಲ್ಲಿಸಿಕೊಂಡು ಎಲ್ಲ ಪಾಠವನ್ನೂ ಗುಟ್ಟಾಗಿ ನಡೆಸಿದರು. ಎಲ್ 410 ಎಂಬ ಗುರುತಿನ ಹುಡುಗಿಯರ ಮನೆಯಲ್ಲಿ ಫ್ರೀಡಲ್ ಚಿತ್ರದ ತರಗತಿ ತೆಗೆದರು.

ತಂದ ಕಾಗದ ಎಷ್ಟು ದಿನ ಬಂದೀತು? ಮುಗಿದ ಮೇಲೆ ಕಚೇರಿಯ ರದ್ದಿ ಫಾರಂಗಳು, ಹಾಳೆಗಳ ಹಿಂಬದಿ, ಪೊಟ್ಟಣದ ಕಾಗದ, ಸಿಕ್ಕಿದ್ದೇ ಸೀರುಂಡೆ. ಕೋಷ್ಟಕದ ಗೆರೆ ಅಚ್ಚಾಗಿದ್ದ ಫಾರಂ ಹರಿದು ಅಂಟಿಸಿದರೆ ಆ ಗೆರೆಗಳೇ ಹೊಲವೋ ಬೇಲಿಯೋ ಮಳೆಯೋ ಆಗುತ್ತಿದ್ದವು. ಬಣ್ಣ ಕಡಿಮೆ ಇದ್ದರೆ ಕಾಗದದ ಬಣ್ಣವೇ ಬಣ್ಣ. ಹಾಸು ಅಲ್ಲಾಡದಿದ್ದರೂ ಹೊಕ್ಕು ನಮ್ಮ ಕೈಯಲ್ಲಿದೆ ಅಂತ ಮೇಲೆ ಹೇಳಿದ್ದು ನೆನಪಿದೆಯಲ್ಲ? ಆ ಮಕ್ಕಳ ಕೈಯಲ್ಲಿ ಇದ್ದದ್ದು ಇಷ್ಟೇ, ಫ್ರೀಡಲ್ ಇಷ್ಟರಲ್ಲೇ ನೇಯಿಸಿದರು.

ತರಗತಿ ಶುರುವಾಗುತ್ತಿದ್ದದ್ದು ಇಟ್ಟೆನ್ ಮೇಷ್ಟ್ರ ರೀತಿಯಲ್ಲೇ. ಮೊದಲು ಕೈ ಸಡಿಲ ಬಿಡುವ ಅಭ್ಯಾಸ, ಲಯಕ್ಕೆ ತಕ್ಕ ಗೆರೆ. ಆಮೇಲೆ ಹೂವು, ಮನೆ, ಕಿಟಕಿಯಾಚೆಯ ಬೆಟ್ಟ, ಕಥೆಯ ರಾಜಕುಮಾರಿ. ಹಳೆಯ ದೊಡ್ಡ ಚಿತ್ರಕಾರರ ಚಿತ್ರ ತೋರಿಸಿ ಅದನ್ನೇ ಹರಿದ ಕಾಗದದಲ್ಲಿ ಮಾಡಿಸುತ್ತಿದ್ದರು. ಒಬ್ಬರು ಇನ್ನೊಬ್ಬರ ಹಾಗೆ ಬರೆಯಬೇಕು ಅನ್ನುವ ಬಲವಂತ ಇಲ್ಲ, ತಿದ್ದುವ ಅವಸರ ಇಲ್ಲ. ಮಕ್ಕಳ ಚಿತ್ರಗಳ ಬಗ್ಗೆ 1943ರಲ್ಲಿ ಅವರು ಅಲ್ಲಿಯೇ ಒಂದು ಉಪನ್ಯಾಸ ಕೊಟ್ಟರು, ಪ್ರದರ್ಶನವನ್ನೂ ಮಾಡಿದರು. ಎಲ್ಲ ಮಕ್ಕಳನ್ನೂ ಚಿತ್ರಕಾರರನ್ನಾಗಿ ಮಾಡುವುದು ತಮ್ಮ ಗುರಿಯಲ್ಲ, ಅವರ ಒಳಗಿನ ಶಕ್ತಿ ಬಿಡುಗಡೆಯಾಗಬೇಕು, ತಾವೇ ನೋಡಿ ತಾವೇ ಯೋಚಿಸುವಂತಾಗಬೇಕು ಎಂಬುದು ಅದರ ಸಾರ. ಬದುಕುಳಿದ ಕೆಲವರು ಮುದುಕಿಯರಾದ ಮೇಲೂ ಆ ತರಗತಿಯನ್ನು ನೆನೆಯುತ್ತಿದ್ದರು. ಅಷ್ಟು ಹೊತ್ತು ತಾವು ಎಲ್ಲಿದ್ದೇವೆ ಅನ್ನುವುದು ಮರೆಯುತ್ತಿತ್ತಂತೆ.

ಇನ್ನೊಂದು ಕಟ್ಟುನಿಟ್ಟು ಇತ್ತು. ಪ್ರತಿ ಚಿತ್ರದ ಮೇಲೂ ಬರೆದವರು ತಮ್ಮ ಹೆಸರು ಹಾಕಬೇಕು. ಸೆರೆಯಲ್ಲಿ ಮನುಷ್ಯನಿಗೆ ಒಂದು ನಂಬರು, ಅಷ್ಟೇ. ಚಿತ್ರದ ಮೂಲೆಯಲ್ಲಿ ಮಾತ್ರ ಹೆಸರಿತ್ತು.

1944ರ ಜೂನ್ 23ರಂದು ರೆಡ್‌ಕ್ರಾಸ್‌ನವರು ತೆರೆಜೀನ್ ನೋಡಲು ಬಂದರು. ನಾಜಿಗಳು ಅದಕ್ಕೆ ಮುಂಚೆ ಗೋಡೆಗೆ ಬಣ್ಣ ಬಳಿಸಿ, ಹೂಗಿಡ ನೆಡಿಸಿ, ಜನ ಕಡಿಮೆ ಕಾಣಲೆಂದು ಸಾವಿರಾರು ಮಂದಿಯನ್ನು ಆಶ್ವಿಟ್ಜ್‌ಗೆ ಸಾಗಿಸಿದ್ದರು. ಬಂದವರು ತೋರಿಸಿದ್ದನ್ನು ನೋಡಿಕೊಂಡು ಹೋದರು. ಆ ಸೆಪ್ಟೆಂಬರ್ 28ರಿಂದ ಒಂದು ತಿಂಗಳಲ್ಲಿ ಹನ್ನೊಂದು ರೈಲುಗಳಲ್ಲಿ 18,000ಕ್ಕೂ ಹೆಚ್ಚು ಜನರನ್ನು ಕಳಿಸಿದರು. ಮೊದಲ ರೈಲಿನಲ್ಲಿ ಪಾವೆಲ್ ಹೋದರು. ಗಂಡ ಹೋದ ಕಡೆಗೇ ನನ್ನನ್ನೂ ಕಳಿಸಿ ಅಂತ ಫ್ರೀಡಲ್ ತಾವಾಗಿ ಹೆಸರು ಕೊಟ್ಟರು. ಅಕ್ಟೋಬರ್ 6ರ ರೈಲಿನಲ್ಲಿ ಅವರು, ಅವರ ವಿದ್ಯಾರ್ಥಿಗಳಲ್ಲಿ ಹಲವರು ಹೊರಟರು. 1944ರ ಅಕ್ಟೋಬರ್ 9ರಂದು ಆಶ್ವಿಟ್ಜ್‌ನ ಬಿರ್ಕೆನಾವ್‌ನಲ್ಲಿ ವಿಷಾನಿಲದಿಂದ ಅವರನ್ನು ಕೊಂದರು. ವಯಸ್ಸು 46. ಪಾವೆಲ್ ಬದುಕುಳಿದರು.

ಆ ಸೂಟ್‌ಕೇಸ್‌ಗಳು

ಹೊರಡುವ ಮುಂಚೆ ಫ್ರೀಡಲ್ ಮಕ್ಕಳ ಚಿತ್ರಗಳನ್ನು ಎರಡು ಸೂಟ್‌ಕೇಸ್‌ಗಳಲ್ಲಿ ತುಂಬಿ ಬಿಟ್ಟುಹೋಗಿದ್ದರು. ಹುಡುಗಿಯರ ಮನೆಯ ಮೇಲ್ವಿಚಾರಕರಾಗಿದ್ದ ವಿಲ್ಲಿ ಗ್ರೋಗ್ ಯುದ್ಧ ಮುಗಿದ 1945ರಲ್ಲಿ ಅವನ್ನು ಪ್ರಾಗ್‌ನ ಯಹೂದಿ ಸಮಾಜಕ್ಕೆ ತಲುಪಿಸಿದರು. ಸುಮಾರು 4,500 ಚಿತ್ರಗಳು! ಬರೆದ ಮಕ್ಕಳಲ್ಲಿ ಬಹುಪಾಲು ಯಾರೂ ಉಳಿದಿರಲಿಲ್ಲ. ಆದರೆ ಹೆಸರು ಇತ್ತಲ್ಲ, ಅದನ್ನು ರೈಲುಗಳ ಪಟ್ಟಿಯ ಜೊತೆ ತಾಳೆ ನೋಡಿ ಯಾರು, ಯಾವ ಊರು, ಎಷ್ಟು ವಯಸ್ಸು, ಏನಾದರು ಅಂತ ಹುಡುಕಲು ಸಾಧ್ಯವಾಯಿತು. ಈಗ ಇವು ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಕೆಲವನ್ನು ಪಿಂಕಾಸ್ ಎಂಬ ಹಳೆಯ ಪ್ರಾರ್ಥನಾ ಮಂದಿರದ ಮಹಡಿಯಲ್ಲಿ ತೋರಿಸುತ್ತಾರೆ. ಕೆಳಗೆ ಅದೇ ಮಂದಿರದ ಗೋಡೆಗಳ ಮೇಲೆ, ಸತ್ತ ಸುಮಾರು 80,000 ಚೆಕ್ ಯಹೂದಿಗಳ ಹೆಸರುಗಳನ್ನು ಕೈಯಲ್ಲೇ ಬರೆದಿದ್ದಾರೆ. 1950ರ ದಶಕದಲ್ಲಿ ಬರೆದದ್ದು ಮುಂದೆ ಅಳಿಸಿಹೋಗಿತ್ತು. 1992ರಿಂದ 1996ರವರೆಗೆ ಕೂತು ಮತ್ತೆ ಬರೆದರು.

ಫ್ರೀಡಲ್ ನೇಯ್ದ, ವಿನ್ಯಾಸ ಮಾಡಿದ ಬಟ್ಟೆಗಳಲ್ಲಿ ಉಳಿದಿರುವುದು ಸ್ವಲ್ಪವೇ. ಬಟ್ಟೆ ಸವೆಯುತ್ತೆ, ಹರಿಯುತ್ತೆ, ಯುದ್ಧದಲ್ಲಿ ಸುಟ್ಟೂ ಹೋಗುತ್ತೆ. ಅದಕ್ಕೇ ಪುಸ್ತಕಗಳಲ್ಲಿ ಅವರ ಬಟ್ಟೆಯ ಕೆಲಸಕ್ಕೆ ಎರಡು ಸಾಲು, ತೆರೆಜೀನ್‌ಗೆ ಇಪ್ಪತ್ತು ಪುಟ. ಇದು ಸರಿ ಅನ್ನಿಸುವುದಿಲ್ಲ. ಮಗ್ಗದ ಪಾಠ ಇಲ್ಲದಿದ್ದರೆ ರದ್ದಿ ಫಾರಂನಲ್ಲಿ ಹೊಲ ಕಾಣುವ ಕಣ್ಣು ಎಲ್ಲಿಂದ ಬರುತ್ತಿತ್ತು?

ನೀವೂ ಮಾಡಿ ನೋಡಿ

ಒಂದು: ಹರಿದ ಹಳೆ ಬಟ್ಟೆಯ ಅಂಗೈ ಅಗಲದ ತುಂಡು ತಗೊಂಡು ಬಿಸಿಲಿಗೆ ಹಿಡಿಯಿರಿ. ಹಾಸು ಯಾವುದು, ಹೊಕ್ಕು ಯಾವುದು ಗುರುತಿಸಿ. ನಾಲ್ಕೈದು ಎಳೆ ಮೆಲ್ಲಗೆ ಎಳೆದು ತೆಗೆದರೆ ಬಟ್ಟೆಯ ಮುಖ ಹೇಗೆ ಬದಲಾಗುತ್ತೆ ನೋಡಿ.

ಎರಡು: ಎರಡೂ ಕೈಯಲ್ಲಿ ಸೀಮೆಸುಣ್ಣ ಹಿಡಿದು ಕಪ್ಪುಹಲಗೆಯ ಮೇಲೆ ಒಟ್ಟಿಗೆ ಎರಡು ವೃತ್ತ ಬರೆಯಿರಿ. ಮೊದಲು ಉಸಿರು ಬಿಡಿ, ಭುಜ ಸಡಿಲ ಇರಲಿ. ಸೊಟ್ಟ ಬಂದರೆ ಬರಲಿ.

ಮೂರು: ಹಳೆ ಕ್ಯಾಲೆಂಡರ್, ಬಸ್ ಟಿಕೆಟ್, ಬರೆದು ಮುಗಿದ ನೋಟ್‌ಪುಸ್ತಕದ ಹಾಳೆ, ಬೀಡಿ ಕಟ್ಟಿನ ಕಾಗದ ಇವುಗಳನ್ನು ಕತ್ತರಿ ಇಲ್ಲದೆ ಕೈಯಲ್ಲೇ ಹರಿದು, ಗಂಜಿಯಿಂದ ಅಂಟಿಸಿ, ನಿಮ್ಮ ಮನೆಯ ಕಿಟಕಿಯಿಂದ ಕಾಣುವುದನ್ನು ಮಾಡಿ. ಬಣ್ಣ ಬಳಸುವ ಹಾಗಿಲ್ಲ. ಶುಕ್ರವಾರ ಮಧ್ಯಾಹ್ನದೊಳಗೆ ಗ್ರಂಥಾಲಯದ ಬೀರು ಪಕ್ಕದ ರಟ್ಟಿನ ಪೆಟ್ಟಿಗೆಗೆ ಹಾಕಿ. ಬಂದದ್ದನ್ನೆಲ್ಲ ಮುಂದಿನ ಸಂಚಿಕೆಯ ಪಕ್ಕದಲ್ಲಿ ಅಂಟಿಸುತ್ತೇವೆ. ಕೆಳಗೆ ಬಲಮೂಲೆಯಲ್ಲಿ ಹೆಸರು, ವಯಸ್ಸು, ತರಗತಿ ಸ್ಪಷ್ಟವಾಗಿ ಬರೆದಿರಬೇಕು.